ಮೆಟಬಾಲಿಕ್ ಟೆಸ್ಟ್: ಅಳತೆ ಚೆನ್ನಾಗಿದೆ, ಷರಾ ಸರಿಯಿಲ್ಲ

ಮೊದಲೇ ಹೇಳಿಬಿಡುತ್ತೇನೆ. ರೆಸ್ಟಿಂಗ್ ಮೆಟಬಾಲಿಕ್ ರೇಟ್ ಟೆಸ್ಟ್ ಮಾಡಿಸಬಹುದು, ದುಡ್ಡು ದಂಡ ಅಲ್ಲ. ಸುಮ್ಮನೆ ಮಲಗಿದ್ದಾಗ ದೇಹ ಎಷ್ಟು ಶಕ್ತಿ ಖರ್ಚು ಮಾಡುತ್ತದೆ ಅಂತ ತಿಳಿಸುವ ಪರೀಕ್ಷೆ ಇದು. ಆದರೆ ಅಳತೆ ಮುಗಿದ ಮೇಲೆ ಕೈಗೆ ಕೊಡುವ ರಿಪೋರ್ಟಿನ ಕೊನೆಯಲ್ಲಿ ಒಂದು ಷರಾ ಇರುತ್ತದಲ್ಲ, ಅದನ್ನು ಹಾಗೇ ನಂಬಬೇಡಿ. ನನ್ನ ತಂಗಿಯ ರಿಪೋರ್ಟಿನಲ್ಲಿ "ಸ್ಲೋ ಮೆಟಬಾಲಿಸಂ" ಅಂತ ಕೆಂಪಕ್ಷರದಲ್ಲಿ ಅಚ್ಚಾಗಿತ್ತು. ಅದನ್ನು ಓದಿ ಅವಳು ಕಾರಿನಲ್ಲಿ ಮಾತೇ ಆಡಲಿಲ್ಲ. ಆ ಎರಡು ಪದಕ್ಕೆ ಆಧಾರ ಎಷ್ಟು ತೆಳು ಅನ್ನುವುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮೈಸೂರಿನಲ್ಲಿ ಡಿಗ್ರಿ ಮಕ್ಕಳಿಗೆ ಬಯೋಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಜೀವಕೋಶದ ಶಕ್ತಿಯ ಲೆಕ್ಕಾಚಾರ ನನ್ನ ಇಷ್ಟದ ಅಧ್ಯಾಯ. ತಂಗಿಗೆ 46 ವರ್ಷ, ತೂಕ 58 ಕೆಜಿ, ಎತ್ತರ 155 ಸೆಂಟಿಮೀಟರ್. ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಅನ್ನುವುದು ಅವಳ ಬಹಳ ದಿನದ ಕೊರಗು. ಯಾರೋ ಈ ಟೆಸ್ಟ್ ಬಗ್ಗೆ ಹೇಳಿದರು. ಬೆಂಗಳೂರಿನ ಒಂದು ಸ್ಪೋರ್ಟ್ಸ್ ಸೈನ್ಸ್ ಕೇಂದ್ರದಲ್ಲಿ ಇಬ್ಬರಿಗೂ ಬುಕ್ ಮಾಡಿದೆವು. ಕೇಂದ್ರದ ಹೆಸರು ಹಾಕುವುದಿಲ್ಲ. ತಲೆಗೆ 2,500 ರೂಪಾಯಿ, ಡಯಟಿಷಿಯನ್ ಜೊತೆ ಮಾತುಕತೆಯೂ ಸೇರಿ.

ಬುಕಿಂಗ್ ಆದಮೇಲೆ ಬಂದ ಮೆಸೇಜಿನಲ್ಲಿ "ಖಾಲಿ ಹೊಟ್ಟೆಯಲ್ಲಿ ಬನ್ನಿ" ಅಂತ ಒಂದೇ ಸಾಲು. ನಮ್ಮ ಕಡೆ ಕಾಫಿ ಕುಡಿದರೂ ಖಾಲಿ ಹೊಟ್ಟೆ ಅಂತಲೇ ಲೆಕ್ಕ, ಅಲ್ವಾ? ತಂಗಿ ಐದೂವರೆಗೆ ಒಂದು ಲೋಟ ಸ್ಟ್ರಾಂಗ್ ಕಾಫಿ ಕುಡಿದೇ ಹೊರಟಿದ್ದಳು. ಅಲ್ಲಿ ಹೋದಮೇಲೆ ಟೆಕ್ನಿಷಿಯನ್ ಹುಡುಗ ಕೇಳಿದ, "ಮೇಡಂ, ಕಾಫಿ ಟೀ ಏನಾದ್ರೂ ಆಯ್ತಾ?" ಆಯಿತು ಅಂದಳು. "ಹಾಗಾದ್ರೆ ಇವತ್ತು ಬೇಡ ಮೇಡಂ, ನಾಳೆ ಬನ್ನಿ" ಅಂದ. ಅವನು ಮಾಡಿದ್ದು ಸರಿ. ಕೆಫೀನ್ ಮೆಟಬಾಲಿಕ್ ರೇಟ್ ಏರಿಸುತ್ತದೆ. ಊಟವೂ ಅಷ್ಟೇ. ತಿಂದದ್ದನ್ನು ಅರಗಿಸಿ ಒಳಗೆ ಸೇರಿಸಿಕೊಳ್ಳುವುದಕ್ಕೇ ಅದರಲ್ಲಿನ ಶಕ್ತಿಯ ಹತ್ತನೇ ಒಂದು ಭಾಗದಷ್ಟು ಹೋಗುತ್ತದೆ. ಪ್ರೋಟೀನ್ ಆದರೆ ಇನ್ನೂ ಜಾಸ್ತಿ. ಆದರೆ ಇದನ್ನೆಲ್ಲ ಮೆಸೇಜಿನಲ್ಲೇ ಬರೆದಿದ್ದರೆ ನಾವು ಆ ರಾತ್ರಿ ನೆಂಟರ ಮನೆ ಹುಡುಕುವುದು ತಪ್ಪುತ್ತಿತ್ತು. ಹೀಗಾಗಿ ನನ್ನ ಟೆಸ್ಟ್ ಮೊದಲ ದಿನ, ಅವಳದ್ದು ಮಾರನೇ ದಿನ ಆಯಿತು.

ಈಗ ಮೆಷಿನ್ ವಿಷಯ. ಇದರಲ್ಲಿ ಅವರಿಗೆ ಪೂರ್ತಿ ಅಂಕ ಕೊಡುತ್ತೇನೆ.

ಮಂಚದ ಮೇಲೆ ಅಂಗಾತ ಮಲಗಿಸಿ, ತಲೆಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಕ್ಯಾನೊಪಿ ಇಡುತ್ತಾರೆ. ಕುತ್ತಿಗೆ ಸುತ್ತ ತೆಳು ಹಾಳೆ ಸಿಕ್ಕಿಸುತ್ತಾರೆ. ಒಂದು ಪೈಪು ಒಳಗಿನ ಗಾಳಿಯನ್ನು ಸತತವಾಗಿ ಎಳೆಯುತ್ತಿರುತ್ತದೆ, ಆದ್ದರಿಂದ ಉಸಿರುಗಟ್ಟುವುದಿಲ್ಲ. ಕೋಣೆಯ ಗಾಳಿಯಲ್ಲಿ ಆಕ್ಸಿಜನ್ ಶೇಕಡಾ 20.93. ಕ್ಯಾನೊಪಿಯಿಂದ ಹೊರಗೆ ಬರುವ ಗಾಳಿಯಲ್ಲಿ ಅದು 20ರ ಆಸುಪಾಸಿಗೆ ಇಳಿದಿರುತ್ತದೆ. ಕಾರ್ಬನ್ ಡೈಆಕ್ಸೈಡ್ 0.04ರಿಂದ ಸುಮಾರು 1ಕ್ಕೆ ಏರಿರುತ್ತದೆ. ಈ ಎರಡು ಸಣ್ಣ ವ್ಯತ್ಯಾಸಗಳೇ ಇಡೀ ಪರೀಕ್ಷೆ. ಸೆನ್ಸರ್ 0.1ರಷ್ಟು ಜಾರಿದರೂ ಉತ್ತರದಲ್ಲಿ ಹತ್ತನೇ ಒಂದು ಭಾಗದ ಹತ್ತಿರ ತಪ್ಪು ಬರುತ್ತದೆ. ಹಾಗಾಗಿ ಕ್ಯಾಲಿಬ್ರೇಷನ್ ಕಣ್ಣಾರೆ ನೋಡಿ. ಇಲ್ಲಿ ಹುಡುಗ ನಮ್ಮ ಎದುರಿಗೇ ಸಿಲಿಂಡರಿನ ಗ್ಯಾಸ್ ಬಿಟ್ಟು ಎರಡೂ ಸೆನ್ಸರ್ ಸರಿ ಮಾಡಿದ. 3 ಲೀಟರಿನ ದೊಡ್ಡ ಸಿರಿಂಜ್ ತಳ್ಳಿ ಎಳೆದು ಗಾಳಿಯ ಹರಿವನ್ನೂ ಪರೀಕ್ಷೆ ಮಾಡಿದ. ಎರಡೂ ದಿನ ಮಾಡಿದ. ಕೇಳದೇ ಮಾಡಿದ.

ಕೋಣೆಯ ಎಸಿ ಮಾತ್ರ ಮೊದಲ ದಿನ ವಿಪರೀತ ತಣ್ಣಗಿತ್ತು. ಹೊದಿಕೆ ಕೇಳಿದರೆ ತೆಳ್ಳನೆಯ ಬೆಡ್‌ಶೀಟ್ ಕೊಟ್ಟರು. ನನ್ನ ಕೈಕಾಲು ತಣ್ಣಗಾಗಿ ಮೈ ಬಿಗಿಯಾಗಿತ್ತು. ಮಾರನೇ ದಿನ ತಂಗಿ ಮಲಗುವ ಮುಂಚೆ ಎಸಿ 25ಕ್ಕೆ ಇಡಿಸಿ, ದಪ್ಪ ಕಂಬಳಿ ನಾವೇ ಒಯ್ದೆವು. ಇದು ಯಾಕೆ ಮುಖ್ಯ ಅಂತ ಆಮೇಲೆ ಹೇಳುತ್ತೇನೆ.

ಮೊದಲ ಐದು ನಿಮಿಷದ ಅಂಕಿಗಳನ್ನು ಅವರು ಬಿಸಾಡುತ್ತಾರೆ. ಆಮೇಲೆ ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಎರಡೂ ಹೆಚ್ಚು ಏರಿಳಿತ ಇಲ್ಲದೆ ಐದು ನಿಮಿಷ ನಿಲ್ಲುವವರೆಗೆ ಕಾಯುತ್ತಾರೆ. ಅದಕ್ಕೆ "ಸ್ಟೆಡಿ ಸ್ಟೇಟ್" ಅನ್ನುತ್ತಾರೆ. ನಾನು ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಯುವ ಮಾತು ಇಲ್ಲಿ ಸ್ಕ್ರೀನಿನ ಮೇಲೆ ಎರಡು ಗೆರೆಗಳಾಗಿ ಓಡುತ್ತಿತ್ತು. ತಂಗಿಯ ಪಕ್ಕ ಕೂತು ಆ ಗೆರೆ ಚಪ್ಪಟೆಯಾಗುವುದನ್ನು ನೋಡಿದ್ದು ನನಗೆ ಬಹಳ ಖುಷಿ ಕೊಟ್ಟಿತು.

ಗೆರೆ ಚಪ್ಪಟೆ ಅಂದರೆ ಏನೂ ನಡೆಯುತ್ತಿಲ್ಲ ಅಂತ ಅಲ್ಲ. ಮನೆ ಮೇಲಿನ ಟ್ಯಾಂಕಿಗೆ ಮೋಟಾರು ನೀರು ಹತ್ತಿಸುತ್ತಾ ಇದೆ, ಕೆಳಗೆ ಅಷ್ಟೇ ನೀರು ನಲ್ಲಿಯಿಂದ ಹೋಗುತ್ತಾ ಇದೆ ಅಂದುಕೊಳ್ಳಿ. ಮಟ್ಟ ಬದಲಾಗುವುದಿಲ್ಲ, ಆದರೆ ಕರೆಂಟು ಖರ್ಚಾಗುತ್ತಲೇ ಇರುತ್ತದೆ. ಮೋಟಾರು ನಿಲ್ಲಿಸಿ ಟ್ಯಾಂಕು ಖಾಲಿಯಾದ ಮೇಲೂ ಮಟ್ಟ ಬದಲಾಗುವುದಿಲ್ಲ. ಇದು ಸಮತೋಲನ, ಈಕ್ವಿಲಿಬ್ರಿಯಂ. ಮೊದಲಿನದು ಬದುಕಿರುವ ದೇಹ, ಎರಡನೆಯದು ಸತ್ತದ್ದು. ಈ ಟೆಸ್ಟ್ ಅಳೆಯುವುದು ಮೋಟಾರಿನ ಖರ್ಚನ್ನು, ಅಂದರೆ ಸಮತೋಲನಕ್ಕೆ ಜಾರದೆ ದೂರ ಉಳಿಯಲು ದೇಹ ಪ್ರತಿ ನಿಮಿಷ ಕೊಡುತ್ತಿರುವ ಬೆಲೆಯನ್ನು.

ತಂಗಿಯ ಅಂಕಿ ಹೀಗಿತ್ತು. ನಿಮಿಷಕ್ಕೆ 162 ಮಿಲಿಲೀಟರ್ ಆಕ್ಸಿಜನ್ ಒಳಗೆ, 132 ಮಿಲಿಲೀಟರ್ ಕಾರ್ಬನ್ ಡೈಆಕ್ಸೈಡ್ ಹೊರಗೆ. ಇದನ್ನು ಮೆಷಿನ್ 1949ರ ವೀರ್ ಸಮೀಕರಣಕ್ಕೆ ಹಾಕುತ್ತದೆ. ಲೀಟರ್ ಲೆಕ್ಕದಲ್ಲಿ ಆಕ್ಸಿಜನ್ನಿಗೆ 3.941, ಕಾರ್ಬನ್ ಡೈಆಕ್ಸೈಡಿಗೆ 1.106ರಿಂದ ಗುಣಿಸಿ ಕೂಡಿದರೆ ನಿಮಿಷಕ್ಕೆ ಎಷ್ಟು ಕಿಲೋಕ್ಯಾಲೊರಿ ಅಂತ ಸಿಗುತ್ತದೆ. ಅವಳಿಗೆ ದಿನಕ್ಕೆ 1,130 ಬಂತು. ನನಗೆ 1,257.

ಗಮನಿಸಿ, ಮೆಷಿನ್ ಬಿಸಿಯನ್ನು ಅಳೆಯುವುದೇ ಇಲ್ಲ. ಗಾಳಿಯನ್ನು ಅಳೆದು ಬಿಸಿಯನ್ನು ಲೆಕ್ಕ ಹಾಕುತ್ತದೆ. ಬಿಸಿಯನ್ನೇ ನೇರವಾಗಿ ಅಳೆಯುವ ಕೆಲಸವನ್ನು ಪ್ಯಾರಿಸಿನಲ್ಲಿ ಲವಾಸಿಯೇ ಮತ್ತು ಲಪ್ಲಾಸ್ 1782–83ರ ಚಳಿಗಾಲದಲ್ಲೇ ಮಾಡಿದ್ದರು. ಗಿನಿಪಿಗ್ ಒಂದನ್ನು ಮಂಜುಗಡ್ಡೆ ಸುತ್ತಿದ ಪಾತ್ರೆಯೊಳಗೆ ಕೂರಿಸಿ, ಎಷ್ಟು ಮಂಜು ಕರಗಿತು ಅಂತ ತೂಗಿದರು. ಅದು ಉಸಿರಿನಲ್ಲಿ ಬಿಟ್ಟ ಗಾಳಿಯ ಜೊತೆ ಹೋಲಿಸಿದರು. ಉಸಿರಾಟ ಅಂದರೆ ನಿಧಾನವಾದ ದಹನ ಅಂತ ತೋರಿಸಿದರು. ಅನ್ನವನ್ನು ಒಲೆಗೆ ಹಾಕಿ ಸುಟ್ಟರೂ, ಜೀವಕೋಶ ಹತ್ತಾರು ಹಂತಗಳಲ್ಲಿ ಒಡೆದರೂ, ಕೊನೆಗೆ ಅದೇ ಕಾರ್ಬನ್ ಡೈಆಕ್ಸೈಡ್, ಅದೇ ನೀರು ಬಂದರೆ ಹೊರಬೀಳುವ ಬಿಸಿ ಒಟ್ಟು ಅಷ್ಟೇ. ಅದಕ್ಕೇ ಈ ಲೆಕ್ಕ ನಡೆಯುತ್ತದೆ. ಒಂದು ಲೀಟರ್ ಆಕ್ಸಿಜನ್ನಿಗೆ ಸಕ್ಕರೆ ಸುಟ್ಟರೆ ಸುಮಾರು 5 ಕಿಲೋಕ್ಯಾಲೊರಿ, ಕೊಬ್ಬು ಸುಟ್ಟರೆ 4.7.

ಎರಡು ಗಾಳಿಗಳ ಅನುಪಾತವನ್ನೂ ರಿಪೋರ್ಟಿನಲ್ಲಿ ಕೊಡುತ್ತಾರೆ. ಬರೀ ಸಕ್ಕರೆ ಉರಿದರೆ 1, ಬರೀ ಕೊಬ್ಬು ಉರಿದರೆ 0.7. ತಂಗಿಯದು 0.81, ನನ್ನದು 0.82. ರಾತ್ರಿ ಉಪವಾಸದ ನಂತರ ಇದು ಸಹಜ. ಇದರ ಪಕ್ಕ "ಫ್ಯಾಟ್ ಬರ್ನಿಂಗ್ ಸ್ಕೋರ್" ಅಂತ ಒಂದು ನಕ್ಷತ್ರದ ಪಟ್ಟಿ ಹಾಕಿದ್ದರು. ಅದನ್ನು ಬಿಟ್ಟು ಮುಂದೆ ಹೋಗಿ.

ನಾನು ಮನೆಗೆ ಬಂದು ಕ್ಯಾಲೊರಿಯನ್ನು ವ್ಯಾಟ್‌ಗೆ ಬದಲಾಯಿಸಿದೆ. ತಂಗಿ 55 ವ್ಯಾಟ್, ನಾನು 61. ರಿಪೋರ್ಟಿನಲ್ಲಿ ಇದನ್ನು ಕೊಡಬೇಕಿತ್ತು ಅನ್ನಿಸಿತು. ಕ್ಯಾಲೊರಿ ಅಂದ ತಕ್ಷಣ ನಮ್ಮ ಮನಸ್ಸು ತಟ್ಟೆಯ ಕಡೆ ಹೋಗುತ್ತದೆ. ವ್ಯಾಟ್ ಅಂದರೆ ಈ ಕ್ಷಣ, ಈಗ, ಎಷ್ಟು ಹೋಗುತ್ತಿದೆ ಅನ್ನುವುದು ತಿಳಿಯುತ್ತದೆ.

ಆ 55 ವ್ಯಾಟ್ ಎಲ್ಲಿಗೆ ಹೋಗುತ್ತದೆ? "ನಾನು ಸುಮ್ನೆ ಮಲಗಿದ್ದೆ ಅಕ್ಕ, ಏನ್ ಕೆಲಸ ಮಾಡ್ದೆ ನಾನು?" ಅಂತ ತಂಗಿ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಕೇಂದ್ರದಲ್ಲಿ ಇದನ್ನು ಯಾರೂ ಹೇಳಲಿಲ್ಲ.

ಪ್ರತಿ ಜೀವಕೋಶದ ಒಳಗೆ ಪೊಟ್ಯಾಸಿಯಂ ಜಾಸ್ತಿ, ಹೊರಗೆ ಸೋಡಿಯಂ ಜಾಸ್ತಿ. ಬಿಟ್ಟರೆ ಎರಡೂ ಕಡೆ ಸಮ ಆಗಿಬಿಡುತ್ತದೆ. ಸಮ ಆಗದ ಹಾಗೆ ನೋಡಿಕೊಳ್ಳಲು ಪೊರೆಯಲ್ಲಿ ಪಂಪುಗಳಿವೆ. ಒಂದು ಎಟಿಪಿ (ಜೀವಕೋಶದಲ್ಲಿ ಶಕ್ತಿಯನ್ನು ಹೊತ್ತು ತಿರುಗುವ ಅಣು) ಒಡೆದು 3 ಸೋಡಿಯಂ ಹೊರಗೆ ತಳ್ಳಿ, 2 ಪೊಟ್ಯಾಸಿಯಂ ಒಳಗೆ ಎಳೆಯುತ್ತವೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಇದನ್ನು ತೋರಿಸಿದರು, 1997ರಲ್ಲಿ ನೊಬೆಲ್ ಬಂತು. ನಾವು ಮಲಗಿದ್ದಾಗ ತಯಾರಾಗುವ ಎಟಿಪಿಯಲ್ಲಿ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ ಈ ಒಂದೇ ಪಂಪಿಗೆ ಹೋಗುತ್ತದೆ. ಮಿದುಳಿಗೆ ರಕ್ತ ನಿಂತರೆ ಕೆಲವೇ ನಿಮಿಷಗಳಲ್ಲಿ ಈ ವ್ಯತ್ಯಾಸ ಕುಸಿದು ಕೋಶಗಳು ಊದಿಕೊಳ್ಳುತ್ತವೆ. ಹಳೇ ಪ್ರೋಟೀನ್ ಒಡೆದು ಹೊಸದು ಕಟ್ಟುವುದಕ್ಕೆ ಇನ್ನೊಂದು ಕಾಲು ಭಾಗ. ಇದೆಲ್ಲ ನಿದ್ದೆಯಲ್ಲೂ ನಡೆಯುತ್ತಿರುತ್ತದೆ.

ಇನ್ನೊಂದು ಖರ್ಚು ಇದೆ, ಅದು ನನಗೆ ಇಂದಿಗೂ ಸೋಜಿಗ. ಜೀವಕೋಶದೊಳಗೆ ಎಟಿಪಿ ತಯಾರಿಸುವ ಪುಟ್ಟ ಅಂಗ ಮೈಟೊಕಾಂಡ್ರಿಯಾ. ಅದು ಪ್ರೋಟಾನುಗಳನ್ನು (ಹೈಡ್ರೋಜನ್ ಅಯಾನುಗಳನ್ನು) ಪೊರೆಯ ಆಚೆ ತಳ್ಳಿ ಕೂಡಿಡುತ್ತದೆ, ಅವು ವಾಪಸ್ ಬರುವಾಗ ಎಟಿಪಿ ತಯಾರಾಗುತ್ತದೆ. 1961ರಲ್ಲಿ ಪೀಟರ್ ಮಿಚೆಲ್ ಇದನ್ನು ಹೇಳಿದಾಗ ಬಹಳ ಜನ ಒಪ್ಪಲಿಲ್ಲ. 1978ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಎಲ್ಲ ಪ್ರೋಟಾನುಗಳೂ ಎಟಿಪಿ ಮಾಡಿ ಬರುವುದಿಲ್ಲ. ಒಂದಷ್ಟು ಪೊರೆಯಲ್ಲೇ ಸೋರಿ ವಾಪಸ್ ಬರುತ್ತವೆ, ಬರೀ ಬಿಸಿಯಾಗಿ ಹೋಗುತ್ತವೆ. ವಿಶ್ರಾಂತಿಯಲ್ಲಿ ನಾವು ಬಳಸುವ ಆಕ್ಸಿಜನ್ನಿನ ಸುಮಾರು ಐದನೇ ಒಂದು ಭಾಗ ಈ ಸೋರಿಕೆಗೇ ಹೋಗುತ್ತದೆ.

ತಂಗಿಯ ಅಂಕಿ ಹಿಡಿದು ನಾನೇ ಒಂದು ಲೆಕ್ಕ ಮಾಡಿದೆ. ಅವಳ ಆಕ್ಸಿಜನ್ ಪ್ರಕಾರ ಬರೀ ಮಲಗಿದ್ದರೂ ಅವಳ ದೇಹ ದಿನಕ್ಕೆ 20 ಕೆಜಿಗಿಂತ ಜಾಸ್ತಿ ಎಟಿಪಿ ತಯಾರಿಸಿ ಒಡೆಯುತ್ತದೆ. ಒಂದು ಕ್ಷಣದಲ್ಲಿ ದೇಹದಲ್ಲಿ ಇರುವುದು ನೂರು ಗ್ರಾಂಗಿಂತ ಕಡಿಮೆ. ಅದೇ ಅದೇ ಎಟಿಪಿ ನೂರಾರು ಸಲ ಸುತ್ತುತ್ತದೆ. ಎಟಿಪಿ ಒಡೆಯುವ ಕ್ರಿಯೆಯನ್ನು ಒಂದು ಸೀಸೆಯಲ್ಲಿ ಮುಚ್ಚಿಟ್ಟರೆ ಕೊನೆಗೆ ಸಮತೋಲನಕ್ಕೆ ಬಂದು, ಹೆಚ್ಚುಕಡಿಮೆ ಎಲ್ಲ ಎಟಿಪಿಯೂ ಒಡೆದುಹೋಗಿರುತ್ತದೆ. ಜೀವಕೋಶದೊಳಗೆ, ಒಡೆದುಹೋದದ್ದಕ್ಕೆ ಹೋಲಿಸಿದ ಎಟಿಪಿಯ ಅನುಪಾತ ಆ ಸಮತೋಲನದ ಮಟ್ಟಕ್ಕಿಂತ ನೂರು ಕೋಟಿ ಪಟ್ಟಿನಷ್ಟು ಮೇಲಿದೆ. ಅಷ್ಟು ದೂರದಲ್ಲಿ ಇಟ್ಟಿರುವುದರಿಂದಲೇ ಅದನ್ನು ಒಡೆದರೆ ಕೆಲಸ ಆಗುತ್ತದೆ. ಹೀಗೆ ದೂರ ಇಡುವ ಖರ್ಚೆಲ್ಲ ಕೊನೆಗೆ ಮೈಯಿಂದ ಬಿಸಿಯಾಗಿ ಹೊರಗೆ ಹೋಗುತ್ತದೆ. ಬಿಸಿಯ ಜೊತೆ ಎಂಟ್ರೊಪಿಯೂ, ಅಂದರೆ ಅಸ್ತವ್ಯಸ್ತತೆಯೂ, ಹೊರಗೆ ಹೋಗುತ್ತದೆ. ಕಂಬಳಿ ಹೊದ್ದು ಮಲಗಿದ್ದ ನನ್ನ ತಂಗಿ ಮಾಡುತ್ತಿದ್ದ ಕೆಲಸ ಇದು. ಅದಕ್ಕೆ "ಸ್ಲೋ" ಅಂತ ಹೆಸರಿಟ್ಟರು.

ಈಗ ಷರಾ ವಿಷಯಕ್ಕೆ ಬರುತ್ತೇನೆ.

"ಸ್ಲೋ" ಅಂತ ಹೇಳಬೇಕಾದರೆ ಯಾವುದಕ್ಕೆ ಹೋಲಿಸಿ? ರಿಪೋರ್ಟಿನ ಅಡಿಯಲ್ಲಿ ಸಣ್ಣಕ್ಷರದಲ್ಲಿ ಇತ್ತು: ಹ್ಯಾರಿಸ್–ಬೆನೆಡಿಕ್ಟ್. ಅದು 1919ರಲ್ಲಿ ಅಮೆರಿಕದ ಕಾರ್ನೆಗಿ ಸಂಸ್ಥೆಯಿಂದ ಪ್ರಕಟವಾದ ಸಮೀಕರಣ. 136 ಗಂಡಸರು, 103 ಹೆಂಗಸರನ್ನು ಅಳೆದು ಮಾಡಿದ್ದು. ಆ ಕಾಲಕ್ಕೆ ದೊಡ್ಡ ಕೆಲಸ, ಅದರ ಬಗ್ಗೆ ನನಗೆ ಗೌರವ ಇದೆ. ತಂಗಿಯ ವಯಸ್ಸು, ತೂಕ, ಎತ್ತರ ಹಾಕಿದರೆ 1,281 ಕಿಲೋಕ್ಯಾಲೊರಿ ಬರುತ್ತದೆ. ಅವಳದು 1,130, ಅಂದರೆ ಶೇಕಡಾ 88. ಸಾಫ್ಟ್‌ವೇರಿನಲ್ಲಿ 90ಕ್ಕಿಂತ ಕೆಳಗಿದ್ದರೆ ಕೆಂಪು. ಮುಗಿಯಿತು.

ಆದರೆ ಪರದೇಶದ ಸಮೀಕರಣಗಳು ನಮ್ಮ ಜನಕ್ಕೆ ಜಾಸ್ತಿ ತೋರಿಸುತ್ತವೆ ಅನ್ನುವುದು ಹೊಸ ವಿಷಯ ಅಲ್ಲ. ಇದನ್ನು ಅಳೆದು ತೋರಿಸಿದ್ದು ಇದೇ ಬೆಂಗಳೂರಿನಲ್ಲಿ. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಸಂಶೋಧಕರು 1980, 90ರ ದಶಕಗಳಲ್ಲಿ ಭಾರತೀಯರ ಬೇಸಲ್ ಮೆಟಬಾಲಿಕ್ ರೇಟ್ (ಪೂರ್ತಿ ವಿಶ್ರಾಂತಿಯಲ್ಲಿನ ಖರ್ಚು) ಅಳೆದು, ಅಂತರರಾಷ್ಟ್ರೀಯ ಸೂತ್ರಗಳು ಸುಮಾರು ಶೇಕಡಾ 10ರಷ್ಟು ಹೆಚ್ಚು ಹೇಳುತ್ತವೆ ಅಂತ ಪ್ರಕಟಿಸಿದರು. ನಮ್ಮವರಿಗೆಂದೇ ಬೇರೆ ಸಮೀಕರಣಗಳನ್ನೂ ಕೊಟ್ಟರು. ವ್ಯತ್ಯಾಸಕ್ಕೆ ಮುಖ್ಯ ಕಾರಣ ದೇಹದ ರಚನೆ. ಅದೇ ತೂಕದಲ್ಲಿ ನಮ್ಮಲ್ಲಿ ಕೊಬ್ಬು ಜಾಸ್ತಿ, ಮಾಂಸಖಂಡ ಕಡಿಮೆ. ಕೊಬ್ಬು ಬಿಟ್ಟು ಉಳಿದ ತೂಕಕ್ಕೆ ಲೆಕ್ಕ ಹಾಕಿದರೆ ವ್ಯತ್ಯಾಸ ಬಹುಮಟ್ಟಿಗೆ ಹೋಗಿಬಿಡುತ್ತದೆ. ಅದೇ ಊರಿನಲ್ಲಿ ಕೂತು, ಅದೇ ಊರಿನಲ್ಲಿ ನಡೆದ ಕೆಲಸವನ್ನು ಬಿಟ್ಟು, 1919ರ ಅಮೆರಿಕದ ಪಟ್ಟಿಗೆ ಹೋಲಿಸಿ ಒಬ್ಬ ಹೆಂಗಸಿಗೆ ನಿನ್ನ ದೇಹದಲ್ಲಿ ಕೊರತೆ ಇದೆ ಅನ್ನುವುದು ನನಗೆ ಸಹಿಸಲಾಗಲಿಲ್ಲ.

ನನ್ನದು ಶೇಕಡಾ 98 ಬಂದು ಹಸಿರು ಬಣ್ಣದಲ್ಲಿ "ನಾರ್ಮಲ್" ಅಂತಿತ್ತು. ಅಲ್ಲಿಯೂ ಒಂದು ಮಾತಿದೆ. ನಾನು ಮಲಗಿದ್ದು ಚಳಿ ಕೋಣೆಯಲ್ಲಿ. ಚಳಿಗೆ ದೇಹ ಬಿಸಿ ಹೆಚ್ಚು ಮಾಡಿಕೊಳ್ಳುತ್ತದೆ, ನಡುಕ ಕಾಣದಿದ್ದರೂ ಖರ್ಚು ಏರುತ್ತದೆ. ತಂಗಿ ಬೆಚ್ಚಗೆ ಮಲಗಿದ್ದಳು. ಅಳತೆ ಸರಿಯಾಗಿ ನಡೆದವಳಿಗೆ ಕೆಂಪು, ಚಳಿಯಲ್ಲಿ ನಡೆದವಳಿಗೆ ಹಸಿರು. ಆ ಎರಡು ಬಣ್ಣಗಳ ನಡುವಿನ ಅಂತರದಲ್ಲಿ ಎಸಿಯ ಪಾಲು ಎಷ್ಟು ಅಂತ ರಿಪೋರ್ಟ್ ಹೇಳುವುದಿಲ್ಲ.

ಇನ್ನು, ಕಡಿಮೆ ವ್ಯಾಟ್ ಕೆಟ್ಟದ್ದು, ಜಾಸ್ತಿ ವ್ಯಾಟ್ ಒಳ್ಳೆಯದು ಅನ್ನುವ ತೀರ್ಪಾದರೂ ಎಲ್ಲಿಂದ ಬಂತು? 1946ರಲ್ಲಿ ಬ್ರಸೆಲ್ಸಿನ ಪ್ರಿಗೊಜಿನ್, ಜೀವಿಗಳು ಎಂಟ್ರೊಪಿ ಉತ್ಪಾದನೆ ಕಡಿಮೆ ಆಗುವ ಕಡೆಗೆ ಸಾಗುತ್ತವೆ ಅನ್ನುವ ವಿಚಾರವನ್ನು ಸಹೋದ್ಯೋಗಿಯೊಬ್ಬರ ಜೊತೆ ಮುಂದಿಟ್ಟರು. ಅದರ ಪ್ರಕಾರ ಕಡಿಮೆ ವ್ಯಾಟೇ ಮೇಲು ಅನ್ನಬಹುದಿತ್ತು. ಆದರೆ ಆ ನಿಯಮ ಅನ್ವಯಿಸುವುದು ಸಮತೋಲನದ ಹತ್ತಿರ ಮಾತ್ರ, 1931ರಲ್ಲಿ ಆನ್‌ಸೇಗರ್ ತೋರಿಸಿದ ಸರಳ ಸಂಬಂಧಗಳು (ತಳ್ಳುವ ಬಲಕ್ಕೆ ತಕ್ಕಷ್ಟೇ ಹರಿವು) ನಡೆಯುವ ಕಡೆ. ಜೀವಕೋಶ ಅದರಿಂದ ಬಹಳ ದೂರ ಇದೆ. ಅಷ್ಟು ದೂರದಲ್ಲಿ ಹೊಸ ಹೊಸ ವ್ಯವಸ್ಥೆಗಳು ತಾವಾಗಿ ಹುಟ್ಟಬಹುದು ಅನ್ನುವ ಕೆಲಸಕ್ಕೇ ಪ್ರಿಗೊಜಿನ್ ಅವರಿಗೆ 1977ರಲ್ಲಿ ನೊಬೆಲ್ ಬಂದದ್ದು. ಹಾಗಾಗಿ 55 ಒಳ್ಳೆಯದೋ 61 ಒಳ್ಳೆಯದೋ ಅಂತ ಥರ್ಮೊಡೈನಾಮಿಕ್ಸ್ ತೀರ್ಪು ಕೊಡುವುದಿಲ್ಲ. ಥೈರಾಯ್ಡ್ ತೊಂದರೆ ಇದೆಯೋ ಇಲ್ಲವೋ ಅಂತ ರಕ್ತ ಪರೀಕ್ಷೆ ಹೇಳುತ್ತದೆ. ತಂಗಿಯದು ಸರಿ ಇದೆ.

ಡಯಟಿಷಿಯನ್ ಜೊತೆಗಿನ ಭಾಗ ಬಹಳ ಬೇಜಾರು ತಂದಿತು. ಆಯಮ್ಮ ಒಳ್ಳೆಯ ಮನಸ್ಸಿನವರೇ, ದನಿ ಏರಿಸದೆ ಮಾತಾಡಿದರು. ಆದರೆ ಕೈಗೆ ಕೊಟ್ಟ ಪಟ್ಟಿ ದಿನಕ್ಕೆ 900 ಕಿಲೋಕ್ಯಾಲೊರಿ. ಬೆಳಿಗ್ಗೆ ಒಂದು ಇಡ್ಲಿ, ಮಧ್ಯಾಹ್ನ ನಿಂಬೆಗಾತ್ರದ ಮುದ್ದೆ, ಸೊಪ್ಪಿನ ಸಾರು, ರಾತ್ರಿ ಸೂಪ್. ಮಲಗಿದ್ದರೇ 1,130 ಬೇಕು ಅಂತ ಇದೇ ಕೇಂದ್ರ ಅರ್ಧ ಗಂಟೆ ಹಿಂದೆ ಅಳೆದು ಕೊಟ್ಟಿದೆ! ಮನೆಗೆಲಸ, ಮೆಟ್ಟಿಲು, ಬಸ್ಸು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಅಷ್ಟು ಕಡಿಮೆ ಕೊಟ್ಟರೆ ದೇಹ ಸುಮ್ಮನೆ ಕೂರುವುದಿಲ್ಲ. ಖರ್ಚನ್ನೇ ಇಳಿಸಿ ಇನ್ನೊಂದು ಸ್ಟೆಡಿ ಸ್ಟೇಟಿಗೆ ಹೋಗುತ್ತದೆ. 1944–45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಗಂಡಸರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಅವರ ಬೇಸಲ್ ರೇಟ್ ಸುಮಾರು ಶೇಕಡಾ 40 ಬಿತ್ತು. ಮಾಂಸಖಂಡ ಕರಗಿದ್ದರಿಂದ ಒಂದಷ್ಟು, ಉಳಿದ ಕೋಶಗಳೇ ಕೈ ಹಿಡಿದು ಖರ್ಚು ಮಾಡಿದ್ದರಿಂದ ಇನ್ನಷ್ಟು. ವರ್ಷಗಟ್ಟಲೆ ಅರೆಹೊಟ್ಟೆ ಉಂಡವಳಿಗೆ 88 ಬಂದರೆ, ಅದರಲ್ಲಿ ಆ ಅರೆಹೊಟ್ಟೆಯ ಪಾಲೂ ಇರಬಹುದು. ಅದಕ್ಕೆ ಇನ್ನಷ್ಟು ಅರೆಹೊಟ್ಟೆ ಮದ್ದಾಗುವುದಾದರೂ ಹೇಗೆ?

ಇದನ್ನೆಲ್ಲ ನಾನು ಅಲ್ಲೇ ಕೂತು ಹೇಳಿದೆ. ಅವರು ಕೇಳಿಸಿಕೊಂಡರು. ಪಟ್ಟಿಯನ್ನು 1,400ಕ್ಕೆ ಏರಿಸಿ, ಬೇಳೆ, ಮೊಟ್ಟೆ, ಮೊಸರು ಜಾಸ್ತಿ ಮಾಡಿ, ವಾರದಲ್ಲಿ ಕೆಲವು ದಿನ ಭಾರ ಎತ್ತುವ ವ್ಯಾಯಾಮ ಸೇರಿಸಿ ಬರೆದುಕೊಟ್ಟರು. ಅದಕ್ಕೆ ಧನ್ಯವಾದ ಹೇಳಬೇಕು. ಆದರೆ ಕೆಂಪಕ್ಷರದ ಷರಾ ತೆಗೆಯಲು ಆಗುವುದಿಲ್ಲವಂತೆ, ಸಾಫ್ಟ್‌ವೇರ್ ಹಾಗೇ ಅಚ್ಚು ಹಾಕುತ್ತದಂತೆ.

ಐದಕ್ಕೆ ಅಂಕ ಕೊಡುವುದಾದರೆ ಅಳತೆಗೆ 5, ಮುಂಚೆ ಕೊಡುವ ಸೂಚನೆಗೆ 2, ರಿಪೋರ್ಟಿಗೆ 1. ಟೆಕ್ನಿಷಿಯನ್ ಹುಡುಗನಿಗೆ ಬೇರೆಯಾಗಿ 5.

ಹೋಗುವವರು ಹಿಂದಿನ ರಾತ್ರಿ ಬೇಗ ಊಟ ಮುಗಿಸಿ. ಬೆಳಿಗ್ಗೆ ನೀರು ಬಿಟ್ಟು ಏನೂ ಬೇಡ, ಕಾಫಿಯಂತೂ ಬೇಡವೇ ಬೇಡ. ವಾಕಿಂಗ್ ಕೂಡ ಆ ದಿನ ಬಿಡಿ. ಕಂಬಳಿ ಒಯ್ಯಿರಿ, ಎಸಿ ಏರಿಸಲು ಹೇಳಿ. ಬಣ್ಣ ಬಣ್ಣದ ರಿಪೋರ್ಟಿನ ಜೊತೆ ನಿಮಿಷ ನಿಮಿಷದ ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಪಟ್ಟಿಯನ್ನೂ ಕೇಳಿ. ಅದನ್ನು ಬುಕ್ ಮಾಡುವಾಗಲೇ ಹೇಳಿಟ್ಟರೆ ಒಳ್ಳೆಯದು, ನಮಗೆ ಅದು ಟೆಕ್ನಿಷಿಯನ್ ಬಳಿ ವಿಶೇಷವಾಗಿ ಕೇಳಿದ ಮೇಲೇ ಸಿಕ್ಕಿತು. ತೂಕ ಇಳಿಸಲು ಹೊರಟವರು ಮೂರ್ನಾಲ್ಕು ತಿಂಗಳ ನಂತರ ಅದೇ ಮೆಷಿನ್ನಿನಲ್ಲಿ, ಅದೇ ಹೊತ್ತಿಗೆ, ಅಷ್ಟೇ ಬೆಚ್ಚಗಿನ ಕೋಣೆಯಲ್ಲಿ ಇನ್ನೊಮ್ಮೆ ಮಾಡಿಸಿ, ಮೊದಲಿನ ನಿಮ್ಮದೇ ಅಂಕಿಗೆ ಹೋಲಿಸಿ ನೋಡಿ. ತಂಗಿಗೆ ದಸರಾ ರಜೆ ಮುಗಿದ ಮೇಲಿನ ಒಂದು ಶನಿವಾರ ಬುಕ್ ಮಾಡಿದ್ದೇನೆ.